ಪದ ಒಂದೆಡೆ, ಧಾಟಿ ಮತ್ತೊಂದೆಡೆ

ನಾವು ನೆಲೆಸಿರುವ ಈ ಎಮಿರೇಟ್ಸ್ ನಾಡಿನಲ್ಲಿ ಪೊಲೀಸ್ ವಾದ್ಯವೃಂದವು ಬ್ಯಾಗ್‌ಪೈಪ್ ನುಡಿಸುತ್ತ ಸಾಗುವಾಗ ಮಕ್ಕಳು ಬೆರಗಾಗಿ ನಿಲ್ಲುತ್ತಾರೆ. ಸ್ಕಾಟ್ಲೆಂಡಿನ ಗುಡ್ಡಗಾಡಿನ ವಾದ್ಯ ಮರುಭೂಮಿಗೆ ಬಂದದ್ದು ಹೇಗೆ? ಕೊಲ್ಲಿಯ ಜನರಿಗೂ ತಮ್ಮದೇ ಚರ್ಮಚೀಲದ ವಾದ್ಯವಿದೆ. ಅದರ ಹೆಸರು ಹಬ್ಬಾನ್. ಆದರೆ ಕವಾಯತಿನ ಬ್ಯಾಗ್‌ಪೈಪಿನ ಜಾಡು ಬೇರೆ. 1951ರಲ್ಲಿ ಬ್ರಿಟಿಷರು ಶಾರ್ಜಾದಲ್ಲಿ ಕಟ್ಟಿದ ಪಡೆಯು 1956ರಲ್ಲಿ ಟ್ರೂಷಿಯಲ್ ಓಮನ್ ಸ್ಕೌಟ್ಸ್ ಎಂಬ ಹೆಸರು ಪಡೆಯಿತು. ಆ ಪಡೆಗೆ ತನ್ನದೇ ಪೈಪ್ ವಾದ್ಯವೃಂದವಿತ್ತು. 1971ರಲ್ಲಿ ಒಕ್ಕೂಟ ಉದಯಿಸಿದಾಗ ಪಡೆ ಹೊಸ ರಾಷ್ಟ್ರದ ಸೇನೆಯಲ್ಲಿ ಲೀನವಾಯಿತು. ವಾದ್ಯದ ದನಿ ಮಾತ್ರ ಈ ನೆಲದಲ್ಲೇ ಉಳಿಯಿತು.

ದಂಡಿನ ಹಾಡುಗಳಲ್ಲಿ ಪದವೂ ಧಾಟಿಯೂ ಜೊತೆಯಾಗಿ ಹುಟ್ಟಬೇಕೆಂದಿಲ್ಲ. ಕಿಂಗ್ಸ್ ಓನ್ ಸ್ಕಾಟಿಷ್ ಬಾರ್ಡರರ್ಸ್ ಎಂಬ ರೆಜಿಮೆಂಟು ಹೆಜ್ಜೆ ಹಾಕುತ್ತಿದ್ದ 'ಬ್ಲೂ ಬಾನೆಟ್ಸ್ ಓವರ್ ದಿ ಬಾರ್ಡರ್' ಹಾಡಿನ ಧಾಟಿ ಹಳೆಯದು. ಇಂದು ಪ್ರಚಲಿತವಾಗಿರುವ ಪದಗಳು 1820ರ ವಾಲ್ಟರ್ ಸ್ಕಾಟನ ಕಾದಂಬರಿಯಿಂದ ಬಂದವು. ಅಲ್ಲಿ ಧಾಟಿ ಪದಗಳನ್ನು ಹುಡುಕಿಕೊಂಡಿತು.

ನಮ್ಮ ನಾಡಿನಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧ. 1857ರಲ್ಲಿ ಕಂಪನಿ ಸರಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಮಾಡಿದಾಗ, ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಸೈನ್ಯ ಊರನ್ನು ಸುಟ್ಟಿತು. 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಆ ಹೋರಾಟವನ್ನು ಜನ ಲಾವಣಿಯಾಗಿ ಕಟ್ಟಿ ಹಾಡಿದರು. ವಿಚಿತ್ರವೆಂದರೆ, ಅದನ್ನು ಮೊದಲು ಅಚ್ಚಿಗೆ ತಂದವನು ಬ್ರಿಟಿಷ್ ಆಳ್ವಿಕೆಯ ಅಧಿಕಾರಿಯೇ. ಮುಂಬಯಿ ಪ್ರಾಂತದ ಸಿವಿಲ್ ಸೇವೆಯಲ್ಲಿದ್ದ ಶಾಸನತಜ್ಞ ಜಾನ್ ಫೇಯ್ತ್‌ಫುಲ್ ಫ್ಲೀಟ್, 1885ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅವುಗಳಲ್ಲಿತ್ತು. ಮುಂದೆ ಡಾ. ಬಿ. ಎಸ್. ಗದ್ದಗಿಮಠರ ಜನಪದ ಗೀತೆಗಳ ಸಂಕಲನದಿಂದ ಹಲಗಲಿಯ ಲಾವಣಿ ಕರ್ನಾಟಕದ ಹತ್ತನೆಯ ತರಗತಿಯ ಪಠ್ಯಪುಸ್ತಕವನ್ನೂ ಸೇರಿತು.

ಹೀಗೆ ಪದ ಉಳಿಯಿತು. ಧಾಟಿಯೋ? ಲಾವಣಿಯು ಓದುವ ಪದ್ಯವಲ್ಲ. ಮುಂದಾಳು ಡಪ್ಪು ಬಡಿಯುತ್ತ ಕಥೆಯನ್ನು ಎತ್ತಿಕೊಳ್ಳುತ್ತಾನೆ. ಹಿಮ್ಮೇಳದವರು ತುಂತುಣಿ ಮೀಟುತ್ತ ದನಿಗೂಡಿಸುತ್ತಾರೆ. ಎಲ್ಲಿ ಎಳೆಯಬೇಕು, ಎಲ್ಲಿ ತಟ್ಟನೆ ನಿಲ್ಲಿಸಬೇಕು ಎಂಬುದು ಅಚ್ಚಿನ ಸಾಲಿನಲ್ಲಿ ಕಾಣದು. ಅದು ಗುರುವಿನ ಕೊರಳಿನಿಂದ ಶಿಷ್ಯನ ಕಿವಿಗೆ ದಾಟಬೇಕು. ಪಾಠವನ್ನು ಓದಿ ಪರೀಕ್ಷೆ ಬರೆದ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಹಾಡಬಲ್ಲೆವು? ಸ್ಕಾಟರ ಧಾಟಿ ಪದಗಳಿಲ್ಲದೆಯೂ ಕಡಲು ದಾಟಿ ಬಂದಿತು. ನಮ್ಮ ಪದಗಳು ಧಾಟಿಯನ್ನು ಊರಿನಲ್ಲೇ ಬಿಟ್ಟು ನಮ್ಮೊಡನೆ ಬಂದಿವೆ.

ಬೇಸಗೆಯ ರಜೆಗೆ ಊರಿಗೆ ಹೋಗುವ ಕುಟುಂಬಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಮನೆಯ ಹಿರಿಯರಿಗೆ, ಊರಿನ ಮೇಳದವರಿಗೆ ಲಾವಣಿಯೋ ಗೀಗೀ ಪದವೋ ನೆನಪಿದ್ದರೆ, ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ಊರು, ಅವರು ಯಾರಿಂದ ಕಲಿತರೆಂಬುದನ್ನೂ ಕೇಳಿ ಬರೆದಿಡಿ. ಫ್ಲೀಟನ ಕಾಲದಲ್ಲಿ ಲೇಖನಿಯಿತ್ತು. ನಮ್ಮ ಕೈಯಲ್ಲಿ ಕೊರಳನ್ನೇ ಹಿಡಿದಿಡುವ ಸಾಧನವಿದೆ. ಹಾಡುವ ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು.