ಕೌದಿಯ ಬಟ್ಟೆ, ಕತ್ತರಿಯ ಚರಿತ್ರೆ

ಚಳಿ ಬಿದ್ದಿತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಮನೆಗಳಲ್ಲಿ ಕೌದಿ ಕೆಳಗಿಳಿಯುತ್ತದೆ. ಅಜ್ಜಿಯ ಇಳಕಲ್ಲ ಸೀರೆ, ತಂದೆಯ ಧೋತರ, ಮಕ್ಕಳ ಹಳೆಯ ಅಂಗಿ ಎಲ್ಲವೂ ಅದರೊಳಗೆ ಸೇರಿ ಒಂದಾಗಿರುತ್ತವೆ. ಕೌದಿಯ ಹೊಲಿಗೆಯನ್ನು ಮೆಚ್ಚಿದವರು ಬಹು ಮಂದಿ. ಸೂಜಿ ಹಿಡಿಯುವ ಮುನ್ನ ಆಗಬೇಕಾದ ಕೆಲಸವೊಂದುಂಟು. ಅದು ಬಟ್ಟೆಯನ್ನು ತುಂಡು ಮಾಡುವುದು. ಅದರ ಚರಿತ್ರೆಯನ್ನು ಕೇಳಿದವರು ವಿರಳ.

ಹಿಂದೆ ಈ ಕೆಲಸಕ್ಕೆ ಕತ್ತರಿಯ ಅಗತ್ಯ ಅಷ್ಟಾಗಿ ಇರಲಿಲ್ಲ. ನೂಲಿನ ಬಟ್ಟೆಯ ಅಂಚಿಗೆ ಒಂದು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದರೆ ಅದು ಎಳೆಯ ಗುಂಟ ಚರ್ರನೆ ಹರಿಯುತ್ತದೆ. ಜಗ್ಗುವ ಬಲ ಒಂದೊಂದೇ ಎಳೆಯ ಮೇಲೆ ಬೀಳುವುದರಿಂದ ಗೆರೆ ಹಾಕಿದಂತೆ ನೇರವಾದ ಪಟ್ಟಿ ಬರುತ್ತದೆ. ಹಳೆಯ ಹತ್ತಿಯಾದರೆ ಮತ್ತೂ ಸುಲಭ. ಆದರೆ 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ಶಾಸ್ತ್ರಜ್ಞರು ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. ಟೆರಿಲೀನ್ ಎಂಬ ಹೆಸರಿನಿಂದ ಅದು ಪೇಟೆಗೆ ಬಂದಿತು. ಮುಂದೆ ಆ ಜಾತಿಯ ಸೀರೆ, ಷರಟುಗಳು ನಮ್ಮ ಊರುಗಳ ಅಂಗಡಿಗಳಿಗೂ ಬಂದವು. ಉಟ್ಟು ಹಳತಾದ ಮೇಲೆ ಕೌದಿಯ ಗಂಟಿಗೂ ಬಂದವು. ಇವು ಜಗ್ಗಿದರೆ ಹರಿಯುವುದಿಲ್ಲ, ಕೈ ಮಾತ್ರ ನೋಯುತ್ತದೆ. ಹೀಗಾಗಿ ಹರಿಯುವ ಕೆಲಸ ಕತ್ತರಿಸುವ ಕೆಲಸವಾಯಿತು. ದಿನವಿಡೀ ಕತ್ತರಿಯ ಹಿಡಿಯನ್ನು ಒತ್ತಿದ ಹೆಬ್ಬೆರಳಿನ ಬುಡ ರಾತ್ರಿ ಹೇಗೆ ಸಿಡಿಯುತ್ತದೆಂಬುದು ಆ ಕೆಲಸ ಮಾಡಿದವರಿಗೇ ಗೊತ್ತು.

ಬಟ್ಟೆ ಕತ್ತರಿಸುವ ಯಂತ್ರ ಹೊಸದೇನಲ್ಲ. 1858ರ ಸುಮಾರಿಗೆ ಇಂಗ್ಲೆಂಡಿನ ಲೀಡ್ಸ್ ನಗರದ ಸಿದ್ಧ ಉಡುಪಿನ ವ್ಯಾಪಾರಿ ಜಾನ್ ಬ್ಯಾರನ್, ಮರ ಕೊಯ್ಯುವ ಪಟ್ಟಿ ಗರಗಸವನ್ನು ಕಂಡು, ಹಲ್ಲಿಲ್ಲದ ಅಲಗನ್ನು ಹಾಕಿಸಿ ಬಟ್ಟೆಯ ಅಟ್ಟಿಗಳನ್ನು ಕೊಯ್ಯಿಸತೊಡಗಿದ. ಅಲಗು ನಿಂತ ಜಾಗದಲ್ಲೇ ಸುತ್ತುತ್ತದೆ. ಬಟ್ಟೆಯನ್ನು ಅದರ ಬಳಿಗೆ ತಳ್ಳಬೇಕು. 1888ರಲ್ಲಿ ಅಮೆರಿಕದ ಬಫಲೋ ನಗರದ ಈಸ್ಟ್‌ಮನ್ ಕಂಪೆನಿ ವಿದ್ಯುತ್ತಿನಿಂದ ನಡೆಯುವ ಯಂತ್ರವನ್ನು ತಂದಿತು. ಇಲ್ಲಿ ಬಟ್ಟೆ ಮೇಜಿನ ಮೇಲೆ ಅಲುಗಾಡದೆ ಇರುತ್ತದೆ, ಮೋಟಾರನ್ನು ಹೊತ್ತ ಅಲಗೇ ಅದರ ನಡುವೆ ಸಾಗುತ್ತದೆ. ಅಲ್ಲಿಂದ ಮುಂದೆ ಒಂದೇ ಏಟಿಗೆ ನೂರಾರು ತೋಳು, ನೂರಾರು ಕಾಲರು ಸಿದ್ಧವಾದವು.

ಈ ಎರಡಕ್ಕೂ ಬೇಕಾದದ್ದು ಹೊಸ ಬಟ್ಟೆ, ಒಂದೇ ಬಗೆಯ ಬಟ್ಟೆ, ಉದ್ದನೆಯ ಮೇಜು, ನಿಂತು ಕೆಲಸ ಮಾಡುವ ಆಳು. ಕೌದಿಯವಳ ಬಳಿ ಇವುಗಳಲ್ಲಿ ಒಂದೂ ಇಲ್ಲ. ಅವಳು ಕೂರುವುದು ನೆಲದ ಮೇಲೆ. ಅವಳ ಮುಂದಿರುವ ಒಂದು ತುಂಡಿನಂತೆ ಇನ್ನೊಂದಿಲ್ಲ. ಹೊಲಿಗೆ ಯಂತ್ರ ಮನೆಯೊಳಕ್ಕೆ ಬಂದೂ ಕತ್ತರಿಸುವ ಯಂತ್ರ ಹೊಸ್ತಿಲ ಹೊರಗೇ ಉಳಿಯಲು ಇದೇ ಕಾರಣವೆಂದು ನನಗೆ ತೋರುತ್ತದೆ. ಹೊಲಿಗೆ ಯಂತ್ರವನ್ನು ಕಾಲಿನಿಂದಲೋ ಕೈಯಿಂದಲೋ ತಿರುಗಿಸಬಹುದಿತ್ತು. ಕತ್ತರಿಸುವ ಯಂತ್ರಕ್ಕೆ ಮೋಟಾರೂ ಬೇಕಾಯಿತು, ಕಾರ್ಖಾನೆಯೂ ಬೇಕಾಯಿತು.

ಸಣ್ಣ ತುಂಡುಗಳ ಮಹತ್ವ ತಿಳಿಯಬೇಕಾದರೆ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಬೇಕು. ಅವರು ಅಂಚಿನಿಂದ ಹೊಲಿಯುತ್ತಾ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಚಿಕ್ಕ ಚಿಕ್ಕ ತುಂಡುಗಳನ್ನು ತ್ರಿಕೋನವಾಗಿ ಮಡಿಸಿ ‘ಫೂಲ’ ಇಡುತ್ತಾರೆ. ಫೂಲವಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಭಾವನೆ. ಇಂಥ ಕೆಲಸಕ್ಕೆ ನೂರು ಪದರವನ್ನು ಒಮ್ಮೆಗೇ ಕೊಯ್ಯುವ ದೈತ್ಯನಿಂದ ಏನು ಪ್ರಯೋಜನ?

ಸಣ್ಣ ಕೆಲಸಕ್ಕೆ ತಕ್ಕ ಸಾಧನವೊಂದು ಜಪಾನಿನಿಂದ ಬಂದಿತು. 1979ರಲ್ಲಿ ಅಲ್ಲಿನ ಓಲ್ಫಾ ಕಂಪೆನಿ ಗಾಲಿಯಂತೆ ಉರುಳುವ ದುಂಡು ಅಲಗಿನ ಕೈಸಾಧನವನ್ನು ಹೊರತಂದಿತು. ಅಮೆರಿಕದ ಕೌದಿಗಾರ್ತಿಯರು ಅದನ್ನು ಎರಡು ಕೈ ಚಾಚಿ ಸ್ವಾಗತಿಸಿದರು. ಆದರೆ ಅದರ ಕೆಳಗೆ ವಿಶೇಷವಾದ ಹಾಸು ಬೇಕು, ಮೇಲೆ ಅಳತೆಪಟ್ಟಿ ಒತ್ತಿ ಹಿಡಿಯಬೇಕು. ನಮ್ಮ ಕಡೆಯ ಶಹಾಬಾದಿ ಕಲ್ಲಿನ ನೆಲದ ಮೇಲೆ ಉರುಳಿಸಿದರೆ ಅಲಗು ಅಂದೇ ಮೊಂಡಾಗುತ್ತದೆ.

ಅಂಗೈಯಲ್ಲಿ ಹಿಡಿಯುವ ಮೋಟಾರಿನ ಕತ್ತರಿಗಳೂ ಈಗ ಉಂಟು. ಸುಮಾರು ನಾಲ್ಕು ಅಂಗುಲದ ಅಲಗು, ಕೆಲವದರಲ್ಲಿ ದುಂಡಗಿರದೆ ಎಂಟು ಮೂಲೆಯದು. ಮೂಲೆಗಳು ಬಟ್ಟೆಯನ್ನು ಕಚ್ಚಿ ಒಳಗೆ ಎಳೆದುಕೊಳ್ಳುತ್ತವೆ. ಕೆಳಗಿನ ಸ್ಥಿರವಾದ ಗಟ್ಟಿ ತುಟಿಗೆ ತಾಗಿ ಬಟ್ಟೆ ಕತ್ತರಿಸುತ್ತದೆ. ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲಿ ಮಾರುಕಟ್ಟೆಗೆ ಬಂದುದರಿಂದ ಮುಂದೆ ತಂತಿಯ ಕಾಟವೂ ತಪ್ಪಿತು. ಆದರೂ ಸವೆದ ಮೆತ್ತನೆಯ ಸೀರೆ ಆ ತುಟಿಯ ಸಂದಿಗೆ ಸಿಕ್ಕಿ ಸುತ್ತಿಕೊಳ್ಳಬಹುದು. ಅಲಗಿನ ವೇಗ ಹೆಚ್ಚಾದರೆ ಪಾಲಿಯೆಸ್ಟರಿನ ಅಂಚು ಕಾವಿಗೆ ಕರಗಿ ಗಟ್ಟಿಯಾಗುತ್ತದೆ, ಅಲ್ಲಿ ಸೂಜಿ ಇಳಿಯುವುದಿಲ್ಲ. ವೇಗವನ್ನು ತಗ್ಗಿಸುವ ಗುಂಡಿಯಿಲ್ಲದ ಯಂತ್ರ ಕೌದಿಗೆ ಒಗ್ಗದು.

ನನ್ನ ಅಭಿಪ್ರಾಯವನ್ನು ಹೇಳುವುದಾದರೆ, ಯಂತ್ರವನ್ನು ರೂಪಿಸುವವರು ಮೇಜನ್ನು ಬಿಟ್ಟು ನಮ್ಮ ಅಡಿಗೆಮನೆಯ ಈಳಿಗೆಯನ್ನು ನೋಡಬೇಕು. ಈಳಿಗೆಯ ಅಲಗು ನಿಂತಿರುತ್ತದೆ, ಕಾಲಲ್ಲಿ ಮಣೆಯನ್ನು ಒತ್ತಿ ಹಿಡಿದರೆ ಎರಡೂ ಕೈ ಬಿಡುವಾಗಿರುತ್ತವೆ. ಬ್ಯಾರನ್ನನ ಯಂತ್ರದ ತತ್ತ್ವವೂ ಅದೇ, ಗಾತ್ರ ಮಾತ್ರ ಬೇರೆ. ಒಂದೊಂದು ತುಂಡೂ ಬೇರೆಯಾಗಿರುವ ಕೆಲಸದಲ್ಲಿ ಎರಡು ಕಿಲೋಗ್ರಾಮಿನ ಮೋಟಾರನ್ನು ಬಟ್ಟೆಯ ಬಳಿಗೆ ಒಯ್ಯುವುದಕ್ಕಿಂತ ಹಗುರಾದ ಬಟ್ಟೆಯನ್ನು ಮೋಟಾರಿನ ಬಳಿಗೆ ತರುವುದು ಜಾಣತನ. ಮಣೆಯ ಮೇಲೆ ಸಣ್ಣ ಮೋಟಾರು, ಅಲಗಿಗೆ ಬೆರಳು ತಾಗದಂತೆ ಜಾಲರಿಯ ಮುಚ್ಚಳ, ಕಾಲು ತೆಗೆದೊಡನೆ ನಿಲ್ಲುವ ಒತ್ತುಗುಂಡಿ ಇರಬೇಕು. ಕಾರ್ಖಾನೆಯ ಕಟ್ಟರನ ಕೈಗೆ ಉಕ್ಕಿನ ಬಳೆಗಳಿಂದ ಹೆಣೆದ ಗವಸು ಉಂಟು. ಇಲ್ಲಿ ಪಕ್ಕದಲ್ಲಿ ಕೂಸು ಅಂಬೆಗಾಲಿಡುತ್ತಿರುತ್ತದೆ.

ಇನ್ನು ಸಾಣೆಯ ಮಾತು. ಸೈಕಲ್ಲಿನ ಮೇಲೆ ಓಣಿಗೆ ಬರುವ ಸಾಣೆಯವನು ಕತ್ತರಿಯನ್ನು ಒಂದು ಗಳಿಗೆಯಲ್ಲಿ ಮಸೆದು ಕೊಡುತ್ತಾನೆ. ಎಂಟು ಮೂಲೆಯ ಅಲಗನ್ನು ಕೊಟ್ಟರೆ ಅವನು ಅದನ್ನು ತಿರುವಿ ತಿರುವಿ ನೋಡಿ ಹಿಂದಿರುಗಿಸಿಯಾನು. ಅದನ್ನು ಮಸೆಯುವ ಕಲ್ಲು ಯಂತ್ರದೊಳಗೇ ಇರಬೇಕು. ಕೆಲವು ಯಂತ್ರಗಳಲ್ಲಿ ಈಗಾಗಲೇ ಇದೆ, ಒಂದು ಗುಂಡಿಯನ್ನು ಒತ್ತಿದರೆ ಕಲ್ಲು ಬಂದು ಅಲಗಿಗೆ ತಾಗುತ್ತದೆ.