ಮುಟ್ಟದ ಸಂಬಳದಲ್ಲಿ ಎದ್ದ ಶಾಲೆ

ನಮ್ಮ ಜವನಗೊಂಡನಹಳ್ಳಿಯಿಂದ ಬೆಂಗಳೂರಿಗೆ ಹೊರಟರೆ, ಶಿರಾ ದಾಟಿದ ಮೇಲೆ ವಸಂತನರಸಾಪುರದ ಫ್ಯಾಕ್ಟರಿಗಳು ಸಿಗ್ತವೆ. ಫ್ಯಾಕ್ಟರಿಯವರು ‘ಕೆಲಸ ಬಲ್ಲವರಿಲ್ಲ’ ಅಂತಾರೆ. ನನ್ನ ಜೊತೆ ಓದಿದ ಹುಡುಗರು ‘ಕೆಲಸಾನೇ ಇಲ್ಲ’ ಅಂತಾರೆ.

ಈ ತೊಡಕು ಹಳೇದು. 1923ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತರು. ವಿದೇಶಿ ತಜ್ಞರ ಜಾಗಕ್ಕೆ ಇಲ್ಲಿನವರನ್ನೇ ತಯಾರು ಮಾಡಿದರು. ಸಂಬಳ ಮಾತ್ರ ಮುಟ್ಟಲಿಲ್ಲ. ಆ ಬಾಕಿ ಹಣದಲ್ಲಿ ಹುಡುಗರಿಗೆ ಕಸುಬು ಕಲಿಸೋ ಶಾಲೆ ಆಗಲಿ ಅಂದರು. ಅದಕ್ಕೆ ತಮ್ಮ ಹೆಸರೂ ಬೇಡ ಅಂದರು. ಜಯಚಾಮರಾಜೇಂದ್ರರ ಹೆಸರು ಬಂತು. ಕೆ.ಆರ್. ಸರ್ಕಲ್ ಹತ್ತಿರದ ಎಸ್‌ಜೆ ಪಾಲಿಟೆಕ್ನಿಕ್ ಅದೇ.

ಬಿಇ ಮಾಡಿದ ನಾವು ಐಟಿಐ ಅಂದ್ರೆ ಮೂಗು ಮುರಿದ್ವಿ. ಅವರಿಗೋ, ಕಲಿಸೋದೂ ಕಾರ್ಖಾನೆ ಕಟ್ಟೋ ಕೆಲಸವೇ ಆಗಿತ್ತು. ಬಲ್ಲವರು ಬೇಕು ಅನ್ನೋರು ಕಲಿಸೋ ಖರ್ಚನ್ನೂ ಹೊರಬೇಕಲ್ವಾ?