ಹದಿಮೂರನೇ ನಂಬರಿನ ಮನೆ

ಬಹಳ ದಿನಗಳಾಯ್ತು ಇಲ್ಲಿ ಏನೂ ಬರೆಯದೆ. ಆಫೀಸು, ರಿಲೀಸು, ಆನ್‌ಸೈಟು... ನೆಪಗಳಿಗೇನೂ ಬರವಿಲ್ಲ ಬಿಡಿ. ಆದರೆ ಲಂಡನ್ನಿನಲ್ಲಿದ್ದ ಐದು ತಿಂಗಳಲ್ಲಿ ತಲೆಗೆ ಹೊಕ್ಕ ಒಂದು ವಿಷಯವನ್ನು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಅವತ್ತು ಫೆಬ್ರವರಿ 20. ರಾತ್ರಿ ಡಿಪ್ಲಾಯ್‌ಮೆಂಟ್ ಮುಗಿಸಿಕೊಂಡು ಆಲ್ಡ್‌ಗೇಟ್ ಕಡೆಯಿಂದ ವೈಟ್‌ಚಾಪೆಲ್‌ನ ನನ್ನ ರೂಮಿಗೆ ನಡೆದು ಬರುತ್ತಿದ್ದೆ. ಹನ್ನೆರಡಕ್ಕೆ ಹತ್ತು ನಿಮಿಷ ಇರಬೇಕು. ಮೂಳೆ ಕೊರೆಯುವ ಚಳಿ. ದಾರಿಯಲ್ಲೊಂದು ಪುಟ್ಟ ಪಾರ್ಕು; ಅದರೊಳಗೆ ಜನವೋ ಜನ. ಕೈಯಲ್ಲಿ ಹೂವು, ಹೆಗಲ ಮೇಲೆ ಮಕ್ಕಳು. ಎದುರಿಗೆ ಬಿಳಿಯ ಕಂಬಗಳು, ಅದರ ಹಿಂದೆ ಕೆಂಪು ಬಣ್ಣದ ಒಂದು ದೊಡ್ಡ ವೃತ್ತ. ಯಾವುದೋ ಉರುಸ್ ಇರಬೇಕು ಅಂದುಕೊಂಡು, ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರನ್ನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವರು ನಕ್ಕರು. "ಇದು ದೇವರಿಗಲ್ಲ ಮಗಾ, ಭಾಷೆಗೆ" ಅಂದರು.

1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿಗೂ ರಾಜ್ಯಭಾಷೆಯ ಸ್ಥಾನ ಬೇಕು ಅಂತ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಪಾಕಿಸ್ತಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ನೆನಪಿಗೆ ಅಲ್ಲಿ ಕಟ್ಟಿದ್ದು ಶಹೀದ್ ಮಿನಾರ್. ನಾನು ನೋಡುತ್ತಿದ್ದದ್ದು ಅದರದೇ ಚಿಕ್ಕ ಪ್ರತಿ. ಇವತ್ತು ನಾವೂ ಫೆಬ್ರವರಿ 21ಕ್ಕೆ 'ಮಾತೃಭಾಷಾ ದಿನದ ಶುಭಾಶಯ' ಅಂತ ಕನ್ನಡದಲ್ಲಿ ಫಾರ್ವರ್ಡ್ ಮಾಡ್ತೀವಲ್ಲ, ಅದಕ್ಕೂ ಮೂಲ ಇದೇ ಘಟನೆ. ಅದನ್ನು ಜಗತ್ತಿನ ದಿನವನ್ನಾಗಿ ಮಾಡಿ ಅಂತ ವಿಶ್ವಸಂಸ್ಥೆಗೆ ಮೊದಲು ಬರೆದವರು ಕೆನಡಾದ ವ್ಯಾಂಕೂವರಿನಲ್ಲಿ ನೆಲೆಸಿದ್ದ ಇಬ್ಬರು ಬಂಗಾಳಿಗಳು, ರಫೀಕುಲ್ ಇಸ್ಲಾಂ ಮತ್ತು ಅಬ್ದುಸ್ ಸಲಾಂ. 1999ರ ನವೆಂಬರಿನಲ್ಲಿ ಯುನೆಸ್ಕೋ ಒಪ್ಪಿತು. ಭಾಷೆಯ ದಿನವನ್ನು ಹುಟ್ಟಿಸಿದವರೂ ಊರು ಬಿಟ್ಟವರೇ ಅನ್ನೋದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಆ ಹಿರಿಯರ ಪರಿಚಯ ಆಮೇಲೆ ಬೆಳೆಯಿತು. ನಾನು ಅವರನ್ನು ಚಾಚಾ ಅಂತಲೇ ಕರೆಯುತ್ತಿದ್ದೆ. ಊರು ಸಿಲ್ಹೆಟ್. ಮೂವತ್ತು ವರ್ಷ ಹೋಟೆಲ್ ಅಡುಗೆಮನೆಯಲ್ಲಿ ದುಡಿದವರು. ಹೋಟೆಲಿನ ಬೋರ್ಡಿನ ಮೇಲೆ ಮಾತ್ರ 'ಇಂಡಿಯನ್ ರೆಸ್ಟೋರೆಂಟ್'! ಬ್ರಿಟನ್ನಿನ 'ಇಂಡಿಯನ್' ಹೋಟೆಲುಗಳಲ್ಲಿ ಬಹುಪಾಲು ಸಿಲ್ಹೆಟ್ಟಿನವರದ್ದೇ ಅಂತ ಅವರಿಂದಲೇ ತಿಳಿದದ್ದು. ಅವರ ಅಪ್ಪ ಹಡಗಿನಲ್ಲಿ ಕಲ್ಲಿದ್ದಲು ಹಾಕುತ್ತಿದ್ದರಂತೆ. ಅಲ್ಲಿಂದ ನನ್ನ ಓದು ಶುರುವಾಯಿತು. ವೀಕೆಂಡುಗಳೆಲ್ಲ ಲೈಬ್ರರಿಗೆ ಹೋದವು.

ಕಥೆ ಹೀಗಿದೆ. ಉಗಿ ಹಡಗುಗಳು ಬಂದ ಮೇಲೆ, ಅದರಲ್ಲೂ 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ, ಇಂಜಿನ್ ಕೋಣೆಯ ಬೆಂಕಿಯ ಮುಂದೆ ನಿಲ್ಲುವುದಕ್ಕೆ ಅಗ್ಗದ ಆಳುಗಳು ಬೇಕಾದರು. ಕಲ್ಕತ್ತೆಯಿಂದ ಹೊರಡುವ ಹಡಗುಗಳಲ್ಲಿ ಆ ಕೆಲಸ ಹೆಚ್ಚಾಗಿ ಸಿಲ್ಹೆಟ್ಟಿನ ರೈತರ ಮಕ್ಕಳ ಪಾಲಿಗೆ ಬಂತು. ಆಳು ಹಿಡಿದು ತರುವವನು ಸೆರಾಂಗ್. ನಮ್ಮ ಕರಾವಳಿಯ ತಾಂಡೇಲನಂತೆ ಆಳುಗಳ ಮೇಲೆ ಯಜಮಾನ. ತನ್ನ ಊರಿನವರನ್ನೇ ಕರೆತರುತ್ತಿದ್ದ, ಸಂಬಳದಲ್ಲಿ ತನ್ನ ಪಾಲನ್ನೂ ಹಿಡಿಯುತ್ತಿದ್ದ. ಈ ಖಲಾಸಿಗಳಿಗೆ ಬ್ರಿಟಿಷರು ಇಟ್ಟ ಹೆಸರು 'ಲಾಸ್ಕರ್'. ಅದೇ ಹಡಗಿನ ಬಿಳಿಯ ನಾವಿಕನ ಸಂಬಳದ ಒಂದು ಚಿಕ್ಕ ಪಾಲಷ್ಟೇ ಇವರಿಗೆ. ಹೊರಟ ಬಂದರಿಗೇ ವಾಪಸು ಬರಬೇಕು ಅನ್ನುವ ಕರಾರು ಬೇರೆ. ಎರಡನೇ ಮಹಾಯುದ್ಧದಲ್ಲಿ ಆರು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರು ಸತ್ತರು. ಟಾರ್ಪೆಡೊ ಬಡಿದರೆ ಹಡಗಿನ ತಳದಲ್ಲಿದ್ದವರು ಮೇಲೆ ಬರುವುದಾದರೂ ಹೇಗೆ?

ಕೆಲವರು ಲಂಡನ್ನಿನ ಬಂದರಿನಲ್ಲಿ ಹಡಗಿನಿಂದಿಳಿದು ಕತ್ತಲಲ್ಲಿ ಮಾಯವಾಗುತ್ತಿದ್ದರು. ಸಿಕ್ಕಿಬಿದ್ದರೆ ಕಷ್ಟ. 1925ರಲ್ಲಿ ಬಿಳಿಯರಲ್ಲದ ನಾವಿಕರ ಮೇಲೆ ಒಂದು ವಿಶೇಷ ಆದೇಶ ಬಂತು. ತಾನು ಬ್ರಿಟಿಷ್ ಪ್ರಜೆ ಅಂತ ಕಾಗದ ತೋರಿಸಲಾಗದವನು ಪೊಲೀಸರಲ್ಲಿ ಪರಕೀಯನಾಗಿ ನೋಂದಾಯಿಸಿಕೊಳ್ಳಬೇಕಿತ್ತು. ಭಾಷೆ ಬರದ, ಓದು ಬರದ, ಒಂದು ವಿಳಾಸವೂ ಇಲ್ಲದ ಹುಡುಗ ಎಲ್ಲಿಗೆ ಹೋಗಬೇಕು?

ಹದಿಮೂರಕ್ಕೆ!

ಸ್ಪಿಟಲ್‌ಫೀಲ್ಡ್ಸ್ ಹತ್ತಿರ ಸ್ಯಾಂಡೀಸ್ ರೋ ಅಂತ ಒಂದು ಸಂದಿ ಇದೆ. ಅಲ್ಲಿನ 13ನೇ ನಂಬರಿನ ಮನೆ ಆಯೂಬ್ ಅಲಿ ಅನ್ನುವವರದ್ದು. ಅವರೂ ಸಿಲ್ಹೆಟ್ಟಿನವರೇ, ಅವರೂ ಹಡಗು ಬಿಟ್ಟು ಓಡಿಬಂದವರೇ. ಅಕ್ಷರ ಬಲ್ಲವರಾದ್ದರಿಂದ ಎಲ್ಲರಿಗೂ 'ಮಾಸ್ಟರ್'. 1920ರ ದಶಕದಲ್ಲಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಕಾಫಿ ಹೋಟೆಲು ತೆರೆದು, ಸಿಲ್ಹೆಟ್ಟಿನ ಸಂತ ಶಾಹ್ ಜಲಾಲರ ಹೆಸರಿಟ್ಟಿದ್ದರು. ಹೊಸದಾಗಿ ಬಂದವನು ಕೆಲಸ ಸಿಗುವವರೆಗೆ ಅವರ ಮನೆಯಲ್ಲಿ ಇರಬಹುದಿತ್ತು. ಪೊಲೀಸ್ ನೋಂದಣಿಗೆ ಅರ್ಜಿ ತುಂಬಿಕೊಡುವುದು, ಊರಿಗೆ ದುಡ್ಡು ಕಳಿಸುವುದು, ಕಾಗದ ಬರೆದುಕೊಡುವುದು, ಎಲ್ಲ ಅಲ್ಲೇ. 1943ರಲ್ಲಿ ಅವರೂ ಶಾಹ್ ಅಬ್ದುಲ್ ಮಜೀದ್ ಖುರೇಷಿ ಎನ್ನುವವರೂ ಸೇರಿ 'ಇಂಡಿಯನ್ ಸೀಮೆನ್ಸ್ ವೆಲ್‌ಫೇರ್ ಲೀಗ್' ಕಟ್ಟಿದರು. ಈ ಮುದುಕರ ಬಾಯಿಂದಲೇ ಕೇಳಿ ಕ್ಯಾರೋಲಿನ್ ಆಡಮ್ಸ್ 1987ರಲ್ಲಿ ಒಂದು ಪುಸ್ತಕ ಮಾಡಿದರು. ಅದರ ಹೆಸರಿನ ಅರ್ಥ 'ಏಳು ಸಮುದ್ರ, ಹದಿಮೂರು ನದಿಗಳಾಚೆ'. ನಮ್ಮ ಅಜ್ಜಿಕಥೆಗಳಲ್ಲೂ ಏಳು ಸಮುದ್ರ ಇದೆ, ಬಂಗಾಳದವರಿಗೆ ಹದಿಮೂರು ನದಿ ಜಾಸ್ತಿ!

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಮನೆಯದೊಂದು ವಿಷಯ ಹೇಳಬೇಕು.

ನಮ್ಮ ಅಜ್ಜಯ್ಯ ಹನ್ನೆರಡನೇ ವಯಸ್ಸಿಗೆ ಕುಂದಾಪುರದ ಹತ್ತಿರದ ನಮ್ಮೂರಿಂದ ಬೊಂಬಾಯಿಗೆ ಹೋಗಿ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದವರು. ರಾತ್ರಿ ಮೇಜುಗಳ ಮೇಲೆ ಮಲಗುತ್ತಿದ್ದರಂತೆ. ಅಲ್ಲಿನ ಕನ್ನಡದ ರಾತ್ರಿಶಾಲೆಗೆ ಸೇರಿ ಅಕ್ಷರ ಕಲಿತದ್ದು. ಅಲ್ಲಿಯವರೆಗೆ ಊರಿಗೆ ಕಾಗದ ಬರೆದುಕೊಟ್ಟದ್ದು ಹೋಟೆಲಿನ ಕ್ಯಾಷಿಯರು. ಇದೆಲ್ಲ ನನಗೆ ಗೊತ್ತಾದದ್ದು ಅಜ್ಜಯ್ಯ ತೀರಿಕೊಂಡ ಮೇಲೆ, ಟ್ರಂಕಿನಲ್ಲಿ ಮನಿಯಾರ್ಡರ್ ರಶೀದಿಗಳ ಕಟ್ಟು ಸಿಕ್ಕಾಗ. ಅವರು ಬದುಕಿದ್ದಾಗ ಬೊಂಬಾಯಿ ಕಥೆ ತೆಗೆದರೆ "ಆಯ್ತು ಅಜ್ಜಯ್ಯ, ಗೊತ್ತಿತ್" ಅಂತ ನಾನು ಮೊಬೈಲ್ ನೋಡುತ್ತಿದ್ದೆ. ಗೊತ್ತಿದ್ದದ್ದು ಏನೂ ಇಲ್ಲ. ನನಗೆ ಆಯೂಬ್ ಅಲಿ ಮಾಸ್ಟರರ ಮನೆಯ ನಂಬರು ಗೊತ್ತು. ನಮ್ಮಜ್ಜಯ್ಯ ಮಲಗಿದ ಹೋಟೆಲಿನ ಹೆಸರು ಗೊತ್ತಿಲ್ಲ.

ಹೋಗಲಿ, ಮುಂದಿನ ಕಥೆಗೆ ಬರೋಣ.

ಈ ಸಿಲ್ಹೆಟ್ಟಿಗಳೆಲ್ಲ ವಾಪಸು ಹೋಗಲಿಕ್ಕೆಂದೇ ಬಂದವರು. ನಾಲ್ಕು ಕಾಸು ಕೂಡಿಸಿ ಊರಲ್ಲಿ ಗದ್ದೆ ಮಾಡಬೇಕು, ಅಷ್ಟೇ. ಆದರೆ 1962ರಲ್ಲಿ ಬ್ರಿಟನ್ ವಲಸೆ ಕಾನೂನು ಬಿಗಿ ಮಾಡಿತು. ಒಮ್ಮೆ ಊರಿಗೆ ಹೋದರೆ ಮತ್ತೆ ಬಿಡುತ್ತಾರೋ ಇಲ್ಲವೋ ಅನ್ನುವ ಭಯಕ್ಕೆ ಗಂಡಸರು ಅಲ್ಲೇ ನಿಂತರು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಬಾಗಿಲು ಮುಚ್ಚಿದ ಕಾನೂನೇ ಅವರನ್ನು ಒಳಗೆ ಉಳಿಸಿತು ನೋಡಿ! ಒಂಟಿ ಗಂಡಸರ ಕೋಣೆಗಳು ಮನೆಗಳಾದವು. ಹೊಲಿಗೆ ಕಾರ್ಖಾನೆ, ಚರ್ಮದ ಜಾಕೆಟ್ಟಿನ ಕಾರ್ಖಾನೆಗಳಲ್ಲಿ ದುಡಿಮೆ. 1969ರ ಫೆಬ್ರವರಿ 21ಕ್ಕೇ ಲಂಡನ್ನಿನಲ್ಲಿ 'ಜನಮತ' ಅನ್ನುವ ಬಂಗಾಳಿ ವಾರಪತ್ರಿಕೆ ಶುರುವಾಯಿತು. 1971ರ ಯುದ್ಧದ ಹೊತ್ತಿಗೆ ಇದೇ ಕಾರ್ಮಿಕರು ಸಂಬಳದಲ್ಲಿ ಪಾಲು ಕೊಟ್ಟರು, ಆಗಸ್ಟ್ 1ರಂದು ಟ್ರಫಾಲ್ಗರ್ ಚೌಕದಲ್ಲಿ ಸೇರಿದರು. ಬ್ರಿಕ್ ಲೇನಿನಲ್ಲಿ 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟರು ಕಟ್ಟಿದ ಪ್ರಾರ್ಥನಾ ಮಂದಿರವೊಂದಿದೆ. ಅದು 1898ರಲ್ಲಿ ಯೆಹೂದಿಗಳ ಸಿನಗಾಗ್ ಆಗಿ, 1976ರಲ್ಲಿ ಮಸೀದಿಯಾಯಿತು. ಗೋಡೆ ಅದೇ, ದಣಿದು ಬಂದು ಕೂರುವವರು ಮಾತ್ರ ಬೇರೆ.

ಎಲ್ಲವೂ ಸುಗಮವಾಗಿರಲಿಲ್ಲ. 1978ರ ಮೇ 4ರಂದು ಅಲ್ತಾಬ್ ಅಲಿ ಅನ್ನುವ ಕಾರ್ಖಾನೆ ಕೆಲಸಗಾರ, ಇನ್ನೂ ಇಪ್ಪತ್ತರ ಹರೆಯದವನು, ಕೆಲಸ ಮುಗಿಸಿ ಮನೆಗೆ ನಡೆದುಹೋಗುತ್ತಿದ್ದಾಗ ಜನಾಂಗದ್ವೇಷಕ್ಕೆ ಕೊಲೆಯಾಗಿ ಹೋದ. ಹತ್ತು ದಿನದ ನಂತರ ಸುಮಾರು 7,000 ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಯತ್ತ ನಡೆದರು. ಅದುವರೆಗೆ ತಲೆ ತಗ್ಗಿಸಿ ನಡೆಯುತ್ತಿದ್ದವರು ಅವರು. ಅವನು ಬಿದ್ದದ್ದು ಸೇಂಟ್ ಮೇರಿಸ್ ಪಾರ್ಕಿನ ಪಕ್ಕದಲ್ಲಿ. 1998ರಲ್ಲಿ ಅದಕ್ಕೆ ಅಲ್ತಾಬ್ ಅಲಿ ಪಾರ್ಕ್ ಅಂತ ಹೆಸರಿಟ್ಟರು. ಮರುವರ್ಷ ಅಲ್ಲಿ ಶಹೀದ್ ಮಿನಾರ್ ಬಂತು. ನಾನು ಅವತ್ತು ರಾತ್ರಿ ನಿಂತಿದ್ದದ್ದು ಅದೇ ಪಾರ್ಕಿನಲ್ಲಿ. ಭಾಷೆಗೆ ಸತ್ತವರ ಕಲ್ಲು, ಕೂಲಿ ಮಾಡಿ ಮನೆಗೆ ಹೊರಟು ಸತ್ತವನ ಹೆಸರು, ಎರಡೂ ಒಂದೇ ಕಡೆ.

ಇನ್ನೊಂದು ಸ್ವಾರಸ್ಯ. ಚಾಚಾ ತಮ್ಮ ಗೆಳೆಯರ ಹತ್ತಿರ ಆಡುವುದು ಢಾಕಾದ ಪುಸ್ತಕದ ಬಂಗಾಳಿ ಅಲ್ಲ, ಸಿಲ್ಹೆಟ್ಟಿ. ಅದಕ್ಕೆ ಹಿಂದೆ ತನ್ನದೇ ನಾಗರಿ ಲಿಪಿಯೂ ಇತ್ತು. ಹೂವಿಡುವುದು ಬಂಗಾಳಿಗೆ, ಜಗಳ ಆಡುವುದು ಸಿಲ್ಹೆಟ್ಟಿಯಲ್ಲಿ! ಮನೆಯಲ್ಲಿ 'ಹ್ವಾಯ್' ಅಂದು, ಇಲ್ಲಿ ಬ್ಲಾಗಿನಲ್ಲಿ ಹೀಗೆ ಬರೆಯುವ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

2021ರ ಜನಗಣತಿಯಲ್ಲಿ ಆ ಭಾಗದ, ಅಂದರೆ ಟವರ್ ಹ್ಯಾಮ್ಲೆಟ್ಸ್‌ನ, ಜನರಲ್ಲಿ ಶೇ. 34.6 ಬಾಂಗ್ಲಾದೇಶಿಗಳು. 2022ರಲ್ಲಿ ವೈಟ್‌ಚಾಪೆಲ್ ಸ್ಟೇಷನ್ನಿನಲ್ಲಿ ಬಂಗಾಳಿ ಅಕ್ಷರದ ಫಲಕ ಬಂತು. ಕಾಗದ ಬರೆಯಲು ಬಾರದವರ ಮೊಮ್ಮಕ್ಕಳು ಆ ಫಲಕದ ಕೆಳಗೆ ರೈಲಿಗೆ ಕಾಯುತ್ತಾರೆ.

ಸಂಸ್ಕೃತಿ ಅಂದರೆ ವೇದಿಕೆ, ಹಾರ, ಭಾಷಣ ಅಂತ ನಾನು ತಿಳಿದಿದ್ದೆ. ಈಗ ಅನ್ನಿಸುವುದು, ಅವೆಲ್ಲ ಕೊನೆಗೆ ಬರುವಂಥವು. ಮೊದಲು ಬೇಕಾದದ್ದು ಒಂದು ಬಾಗಿಲು, ಒಂದು ತಟ್ಟೆ ಅನ್ನ, ಮತ್ತೆ ನಿನ್ನ ಮಾತನ್ನು ನಿನ್ನ ಭಾಷೆಯಲ್ಲೇ ಕೇಳಿ ಕಾಗದಕ್ಕಿಳಿಸುವ ಒಬ್ಬ ಮನುಷ್ಯ. ಲಂಡನ್ನಿನ ಮಿನಾರಿಗೆ ಅಡಿಪಾಯ ಹಾಕಿದ್ದು ಹದಿಮೂರನೇ ನಂಬರಿನ ಮನೆಯೇ.

ಮುಂದಿನ ತಿಂಗಳು ರಜೆ ಹಾಕಿ ಮುಂಬಯಿಗೆ ಹೋಗುತ್ತಿದ್ದೇನೆ, ಆ ರಶೀದಿಗಳನ್ನು ಹಿಡಿದುಕೊಂಡು. ಅವುಗಳ ಮೇಲೆ ಅಂಚೆಕಚೇರಿಯ ಮುದ್ರೆ ಇನ್ನೂ ಮಸುಕಾಗಿ ಕಾಣುತ್ತದೆ. ಹೋಟೆಲು ಸಿಗುತ್ತದೋ ಇಲ್ಲವೋ, ಬಂದು ಇಲ್ಲೇ ಬರೆಯುತ್ತೇನೆ. ಅಷ್ಟರಲ್ಲಿ ನಿಮ್ಮ ಮನೆಯಲ್ಲಿ ಹೀಗೆ ಹೋಗಿ ಬಂದವರು ಯಾರಾದರೂ ಇದ್ದರೆ ಒಮ್ಮೆ ಕೂತು ಕೇಳಿ. "ಗೊತ್ತಿತ್" ಅನ್ನಬೇಡಿ.